ಟರ್ಮಿನೇಟರ್: ಕಂಸನ ಕತೆಗೆ ಉಕ್ಕಿನ ಮೈ

ಪ್ರಶ್ನೆ: 'ಟರ್ಮಿನೇಟರ್ 2' ಸಿನಿಮಾವನ್ನು ಹುಡುಗನಾಗಿದ್ದಾಗ ಕೇಬಲ್ ಟಿವಿಯಲ್ಲಿ ನೋಡಿದ್ದೆ. ಮೊನ್ನೆ ಹತ್ತನೇ ಕ್ಲಾಸಿನ ಮಗನ ಜೊತೆ ಮತ್ತೆ ನೋಡಿದೆ. ಹಳೇ ಗ್ರಾಫಿಕ್ಸ್ ನೋಡಿ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಮುಗಿಯೋವರೆಗೂ ಮೊಬೈಲ್ ಮುಟ್ಟಲಿಲ್ಲ. ಮಾರನೇ ದಿನ ಹೊಸ ಭಾಗವೊಂದನ್ನು ಹಾಕಿದರೆ ಅರ್ಧಕ್ಕೇ ಎದ್ದು ಹೋದ. ಆರು ಸಿನಿಮಾದಲ್ಲಿ ಕೊನೆಯ ನಾಲ್ಕೂ ಸೋತವು ಅಂತಾರೆ. ಆದರೂ ಕೊಲೆಗಡುಕ ರೋಬೋಟ್‌ಗಳ ಈ ಸರಣಿಗೆ ಇಷ್ಟು ವರ್ಷ ಆದಮೇಲೂ ಯಾಕಿಷ್ಟು ಹಿಡಿತ? ಈಗ ಎಐ ಬಂದಿದೆ ಅಂತಲಾ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಮೊದಲು ಒಂದು ಸಣ್ಣ ತಿದ್ದುಪಡಿ. ನಾಲ್ಕೂ ಸೋತವು ಅನ್ನೋದು ಪೂರ್ತಿ ನಿಜವಲ್ಲ. 2003ರ ಮೂರನೇ ಭಾಗ ಪ್ರಪಂಚದಾದ್ಯಂತ ಸುಮಾರು 43 ಕೋಟಿ ಡಾಲರ್ ಗಳಿಸಿತು. 2015ರ 'ಜೆನಿಸಿಸ್' ಅಮೆರಿಕದಲ್ಲಿ 9 ಕೋಟಿ ಡಾಲರ್ ಕೂಡ ಮುಟ್ಟಲಿಲ್ಲ. ಆದರೆ ಚೀನಾ ಮತ್ತಿತರ ದೇಶಗಳ ಪುಣ್ಯದಿಂದ ಒಟ್ಟು 44 ಕೋಟಿಯ ತನಕ ಹೋಯಿತು. ದುಡ್ಡು ಬಂತು, ಪ್ರೀತಿ ಬರಲಿಲ್ಲ. ನೀವು ಕೇಳುತ್ತಿರುವುದು ಪ್ರೀತಿಯ ಲೆಕ್ಕ. ಹಾಗಾಗಿ ನಿಮ್ಮ ಪ್ರಶ್ನೆ ಹಾಗೇ ಉಳಿಯುತ್ತದೆ.

ಎಐ ಕಾರಣವಾ? ನನಗೆ ಹಾಗನ್ನಿಸುವುದಿಲ್ಲ. ಎಐ ಸುದ್ದಿ ಬಂದಾಗಲೆಲ್ಲ ಕೆಂಪು ಕಣ್ಣಿನ ಆ ಲೋಹದ ಬುರುಡೆಯ ಚಿತ್ರ ಹಾಕುತ್ತಾರೆ, ನಿಜ. ಆ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಅದನ್ನು ಕಂಡರೆ ಸಿಟ್ಟು. ತಾವಾಗಿಯೇ ಗುರಿ ಹುಡುಕಿ ಕೊಲ್ಲುವ ಆಯುಧಗಳ ಬಗ್ಗೆ ಜಿನೀವಾದಲ್ಲಿ 2014ರಿಂದ ದೇಶಗಳ ನಡುವೆ ಮಾತುಕತೆ ನಡೆಯುತ್ತಿದೆ. ಅಲ್ಲಿ ಚರ್ಚೆಯಾಗುವ ಯಂತ್ರಗಳು ಬುರುಡೆ ಹೊತ್ತು ನಡೆಯುವುದಿಲ್ಲ. ಹೆಚ್ಚಿನವು ಡ್ರೋನ್‌ನಂಥವು.

ಅದಿರಲಿ, ಸಿನಿಮಾಕ್ಕೇ ಬನ್ನಿ. 1984ರ ಮೊದಲ ಚಿತ್ರದಲ್ಲಿ ಸ್ಕೈನೆಟ್ ಅನ್ನೋ ಕಂಪ್ಯೂಟರ್ ಒಂದು ಸಲವೂ ಕಾಣಿಸುವುದಿಲ್ಲ. ಕತ್ತಲಲ್ಲಿ ನಿಂತ ಕಾರಿನೊಳಗೆ ಕೂತು, ಭವಿಷ್ಯದಿಂದ ಬಂದ ಸೈನಿಕ ಕೈಲ್ ರೀಸ್ ನಾಲ್ಕು ಮಾತಿನಲ್ಲಿ ಅದರ ಕತೆ ಹೇಳಿ ಮುಗಿಸುತ್ತಾನೆ. ಸೈನ್ಯದ ಕಂಪ್ಯೂಟರ್, ಎಲ್ಲವನ್ನೂ ಅದರ ಕೈಗೆ ಕೊಟ್ಟಿದ್ದರು, ಅದು ಮನುಷ್ಯರನ್ನೇ ಶತ್ರು ಅಂದುಕೊಂಡಿತು. ಅಷ್ಟೇ. ಆ ರೋಬೋಟಿನ ಕಣ್ಣಿನೊಳಗಿಂದ ನೋಡುವಾಗ ಪರದೆ ಮೇಲೆ ಕೋಡ್ ಓಡುತ್ತದಲ್ಲ, ಅದೇನು ಗೊತ್ತಾ? ಕೆಲವು ಸಾಲು ಆಪಲ್ 2 ಕಂಪ್ಯೂಟರ್‌ನವರಿಗಾಗಿ ಬರುತ್ತಿದ್ದ ಹವ್ಯಾಸಿ ಪತ್ರಿಕೆಯಿಂದ ಎತ್ತಿದ್ದು. ಇನ್ನು ಕೆಲವು ಕೋಬಾಲ್. 2029ರಿಂದ ಬಂದ ಕೊಲೆಗಾರನ ತಲೆಯಲ್ಲಿ ಬ್ಯಾಂಕ್ ಲೆಕ್ಕದ ಭಾಷೆ! ಸಿನಿಮಾ ಮಾಡಿದವರಿಗೆ ತಂತ್ರಜ್ಞಾನದ ಬಗ್ಗೆ ಎಷ್ಟು ತಲೆನೋವಿತ್ತು ಅಂತ ಇದರಲ್ಲೇ ತಿಳಿಯುತ್ತದೆ.

ಇನ್ನೊಂದು ಪುರಾವೆ ನಿಮ್ಮ ಮನೆಯಲ್ಲೇ ಸಿಗಬಹುದು. 'ಜೆನಿಸಿಸ್'ನಲ್ಲಿ ಸ್ಕೈನೆಟ್ ಎಲ್ಲರ ಮೊಬೈಲ್, ಎಲ್ಲರ ಕಂಪ್ಯೂಟರ್‌ಗೂ ಬರುವ ಹೊಸ ಸಾಫ್ಟ್‌ವೇರ್ ವೇಷದಲ್ಲಿ ಬರುತ್ತದೆ. ಇವತ್ತಿನ ನಮ್ಮ ಬದುಕಿಗೆ ಇಡೀ ಸರಣಿಯಲ್ಲಿ ಇಷ್ಟು ಹತ್ತಿರದ ಕಲ್ಪನೆ ಬೇರೆ ಇಲ್ಲ. ಎಐ ಭಯವೇ ಜನರನ್ನು ಹಿಡಿದಿಡುವುದಾಗಿದ್ದರೆ ಎಲ್ಲರೂ ಅದನ್ನೇ ಮತ್ತೆ ಮತ್ತೆ ನೋಡಬೇಕಿತ್ತು ಅಲ್ವಾ? ಯಾರೂ ನೋಡುತ್ತಿಲ್ಲ. ನಿಮ್ಮ ಮಗ ಎದ್ದು ಹೋದದ್ದು ಅದರ ಮಧ್ಯದಲ್ಲೇ ಇದ್ದರೆ ನನಗೇನೂ ಆಶ್ಚರ್ಯವಿಲ್ಲ.

ಹಾಗಾದರೆ ಏನು? ನನ್ನ ಉತ್ತರ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇದು ಕಂಸನ ಕತೆ.

ನೆನಪು ಮಾಡಿಕೊಳ್ಳಿ. ತಂಗಿ ದೇವಕಿಯ ಮದುವೆ ಆಗಿದೆ. ಕಂಸನೇ ರಥ ಹೊಡೆಯುತ್ತಿದ್ದಾನೆ. ಆಕಾಶವಾಣಿ ಆಗುತ್ತದೆ: ಇವಳ ಎಂಟನೇ ಮಗು ನಿನ್ನ ಸಾವು. ಕಂಸ ತಕ್ಷಣ ಏನು ಮಾಡುತ್ತಾನೆ? ಮಗು ಹುಟ್ಟುವವರೆಗೆ ಯಾಕೆ ಕಾಯಬೇಕು ಅಂತ ತಾಯಿಯ ಮೇಲೇ ಕತ್ತಿ ಎತ್ತುತ್ತಾನೆ. ವಸುದೇವ ಕೈಕಾಲು ಹಿಡಿದು ತಪ್ಪಿಸುತ್ತಾನೆ. ಟರ್ಮಿನೇಟರ್‌ನ ಕತೆ ಶುರುವಾಗುವುದು ಅದೇ ಕ್ಷಣದಲ್ಲಿ. 2029ರಲ್ಲಿ ಜಾನ್ ಕಾನರ್ ಅನ್ನುವವನ ಕೈಯಲ್ಲಿ ಸ್ಕೈನೆಟ್ ಸೋಲುತ್ತಿದೆ. ಆದ್ದರಿಂದ ಅದು 1984ಕ್ಕೆ ಒಂದು ಯಂತ್ರವನ್ನು ಕಳಿಸುತ್ತದೆ. ಜಾನ್ ಹುಟ್ಟುವ ಮೊದಲೇ ಅವನ ತಾಯಿ ಸಾರಾಳನ್ನು ಮುಗಿಸಿಬಿಡು ಅಂತ. ಹೆಸರಲ್ಲೂ ಆಕಾಶವೇ ಇದೆ ನೋಡಿ. ನಮ್ಮದರಲ್ಲಿ ಆಕಾಶದಿಂದ ವಾಣಿ, ಅವರದರಲ್ಲಿ ಆಕಾಶದ ಬಲೆ. (ಅಂದಹಾಗೆ ಸ್ಕೈನೆಟ್ ಅನ್ನೋ ಹೆಸರು ಸಿನಿಮಾಕ್ಕಿಂತ ಹಳೆಯದು. ಬ್ರಿಟನ್ನಿನ ಸೈನ್ಯ 1969ರಲ್ಲೇ ಆ ಹೆಸರಿನ ಉಪಗ್ರಹ ಹಾರಿಸಿತ್ತು.)

ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಭಾಗವತ ಓದಿ ಇದನ್ನು ಬರೆದರು ಅಂತ ನಾನು ಹೇಳುತ್ತಿಲ್ಲ. ಹುಟ್ಟಲಿರುವ ಮಗುವಿಗೆ ಹೆದರುವ ರಾಜನ ಕತೆ ಅನೇಕ ಕಡೆ ಇದೆ. ಬೈಬಲ್‌ನಲ್ಲಿ ಹೆರೋದ್ ಇದ್ದಾನೆ. ಜಾನ್ ಕಾನರ್ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು ಯೇಸು ಕ್ರಿಸ್ತನವೇ ಆಗಿರುವುದನ್ನೂ ಜನ ಬಹಳ ಹಿಂದೆಯೇ ಗಮನಿಸಿದ್ದಾರೆ. ಆದರೆ ನಮಗೆ ಕಂಸನೇ ಹತ್ತಿರ. ಜೊತೆಗೆ ಆ ಕತೆಯ ಮುಖ್ಯವಾದ ಗಂಟು ಇಲ್ಲೂ ಇದೆ. ವಿಧಿ ತಪ್ಪಿಸಲು ಕಂಸ ಏನೇನು ಮಾಡಿದನೋ ಅದೇ ಕೃಷ್ಣನನ್ನು ಗೋಕುಲಕ್ಕೆ ಮುಟ್ಟಿಸಿತು. ಇಲ್ಲಿ ಸಾರಾಳನ್ನು ಕಾಪಾಡಲು ಜಾನ್ ತನ್ನ ಸೈನಿಕ ಕೈಲ್‌ನನ್ನು ಹಿಂದಕ್ಕೆ ಕಳಿಸುತ್ತಾನೆ. ಸಾರಾ ಮತ್ತು ಕೈಲ್ ಒಂದು ರಾತ್ರಿ ಒಂದಾಗುತ್ತಾರೆ. ಆ ಕೈಲ್‌ನೇ ಜಾನ್‌ನ ಅಪ್ಪ. ಸ್ಕೈನೆಟ್ ಕೊಲೆಗಾರನನ್ನು ಕಳಿಸದೇ ಇದ್ದಿದ್ದರೆ ಜಾನ್ ಹುಟ್ಟುತ್ತಲೇ ಇರಲಿಲ್ಲ!

ಪೂತನಿಯೂ ಇದ್ದಾಳೆ. ಮೊದಲ ಚಿತ್ರದಲ್ಲಿ ಸಾರಾ ಅಮ್ಮನಿಗೆ ಫೋನ್ ಮಾಡಿ ತಾನು ಅಡಗಿರುವ ಜಾಗ ಹೇಳುತ್ತಾಳೆ. ಆ ಕಡೆ ಅಮ್ಮನ ದನಿಯಲ್ಲಿ ಮಾತಾಡುತ್ತಿರುವುದು ಯಂತ್ರ. ಎರಡನೇ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ. ಬೀದಿಯ ಫೋನ್ ಬೂತಿನಿಂದ ಹುಡುಗ ಜಾನ್ ತನ್ನ ಸಾಕುತಾಯಿ ಜೊತೆ ಮಾತಾಡುತ್ತಿದ್ದಾನೆ. ಅವಳು ಅಡುಗೆಮನೆಯಲ್ಲಿ ನಿಂತು ಅಕ್ಕರೆಯಿಂದ ಊಟದ ವಿಷಯ ಕೇಳುತ್ತಿದ್ದಾಳೆ. ಪಕ್ಕದಲ್ಲಿ ಗಂಡ ಹಾಲಿನ ಡಬ್ಬ ಎತ್ತಿ ಕುಡಿಯುತ್ತಿದ್ದಾನೆ. ನಿಜಕ್ಕೂ ಅವಳು ಬೇಕಾದ ರೂಪ ತಾಳುವ ದ್ರವಲೋಹದ ಯಂತ್ರ. ಅವಳ ಕೈ ಕತ್ತಿಯಾಗಿ ಹಾಲಿನ ಡಬ್ಬವನ್ನೂ ಅವನ ಬಾಯನ್ನೂ ಸೀಳಿಕೊಂಡು ಹೋಗಿರುತ್ತದೆ. ತಾಯಿಯ ವೇಷ, ಹಾಲು, ಸಾವು. ಇದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಅಜ್ಜಿ ಹೇಳುತ್ತಿದ್ದ ಪೂತನಿಯೇ.

ಇಷ್ಟು ಹಳೆಯ ಕತೆಗೆ ಹೊಸ ಭಯ ಎಲ್ಲಿಂದ ಬಂತು? ಕಂಸನಿಗೆ ಹೆದರಿಕೆ ಇದೆ, ದ್ವೇಷ ಇದೆ. ಈ ಯಂತ್ರಕ್ಕೆ ಎರಡೂ ಇಲ್ಲ. ಮೊದಲ ಚಿತ್ರದಲ್ಲಿ ಅದು ಟೆಲಿಫೋನ್ ಡೈರೆಕ್ಟರಿ ತೆಗೆಯುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಸಾರಾ ಕಾನರ್ ಅನ್ನುವವರು ಮೂವರು. ಪಟ್ಟಿಯಲ್ಲಿರುವ ಕ್ರಮದಲ್ಲೇ ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾ ಬರುತ್ತದೆ. ಕರೆಂಟ್ ಬಿಲ್ ಕೊಡಲು ಮನೆಮನೆಗೆ ಬರುವವರ ಹಾಗೆ. ನಮ್ಮ ಸಾರಾ ಹೋಟೆಲಿನಲ್ಲಿ ಬಡಿಸುವ ಹುಡುಗಿ. ಆರ್ಡರ್ ಕಲಸುಮೇಲೋಗರ ಆಗಿ ಗಿರಾಕಿಗಳ ಹತ್ತಿರ ಬೈಸಿಕೊಳ್ಳುವವಳು. ಇಂಥವಳನ್ನು ಯಾಕೆ ಯಾರಾದರೂ ಕೊಲ್ಲಬೇಕು? ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮುಕ್ಕಾಲು ಭಯ ಅಲ್ಲೇ ಇದೆ.

ಮಿಕ್ಕ ಕಾಲು ಭಾಗ ಆರ್ನಾಲ್ಡ್ ಶ್ವಾರ್ಜ್‌ನೆಗರ್. ತಮಾಷೆ ಅಂದರೆ ಅವರನ್ನು ಮೊದಲು ಕರೆದದ್ದು ಕೈಲ್ ಪಾತ್ರದ ಮಾತಿಗೆ. ಊಟಕ್ಕೆ ಕೂತಾಗ ಅವರು ಕೈಲ್ ಬಗ್ಗೆ ಮಾತಾಡುವುದು ಬಿಟ್ಟು, ಯಂತ್ರ ಹೇಗೆ ನಡೆಯಬೇಕು, ಬಂದೂಕು ನೋಡದೇ ಹೇಗೆ ಗುಂಡು ತುಂಬಬೇಕು ಅಂತಲೇ ಹೇಳುತ್ತಾ ಹೋದರು. ಕ್ಯಾಮರೂನ್ ತಲೆಯಲ್ಲಿ ಅಲ್ಲಿಯವರೆಗೆ ಇದ್ದದ್ದು ಬೇರೆ ಆಳು. ಜನರ ನಡುವೆ ಬೆರೆತುಹೋಗುವ, ಸಾಧಾರಣ ಮೈಕಟ್ಟಿನ ಲ್ಯಾನ್ಸ್ ಹೆನ್ರಿಕ್ಸನ್. ಆರ್ನಾಲ್ಡ್ ಬಂದಮೇಲೆ ಬೆರೆಯುವ ಮಾತೇ ಇಲ್ಲ. ರೈಲು ಬಂದ ಹಾಗೆ ಬರುತ್ತಾರೆ. ಗಮನಿಸಿ ನೋಡಿ, ಮೊದಲು ಕಣ್ಣು ತಿರುಗುತ್ತದೆ, ಆಮೇಲೆ ತಲೆ. ಗುಂಡು ಹಾರಿಸುವಾಗ ರೆಪ್ಪೆ ಮಿಟುಕುವುದಿಲ್ಲ. ಇಡೀ ಚಿತ್ರದಲ್ಲಿ ಅವರಾಡುವ ಪದಗಳು ನೂರು ಕೂಡ ಆಗುವುದಿಲ್ಲ.

ಅದರಲ್ಲಿ ಪೊಲೀಸ್ ಠಾಣೆಯ ಕೌಂಟರ್‌ನಲ್ಲಿ ಹೇಳುವ 'ಐಲ್ ಬಿ ಬ್ಯಾಕ್' (ಮತ್ತೆ ಬರ್ತೀನಿ) ಅನ್ನೋ ಮಾತು ಎಲ್ಲರಿಗೂ ಗೊತ್ತು. ಇಂಗ್ಲಿಷಿನಲ್ಲಿ ಅದನ್ನು ಮೊಟಕು ಮಾಡದೆ ಪೂರ್ತಿಯಾಗಿ ಹೇಳುತ್ತೇನೆ ಅಂತ ಆರ್ನಾಲ್ಡ್ ಹಟ ಹಿಡಿದಿದ್ದರು, ಮೊಟಕು ರೂಪ ಅವರ ಬಾಯಿಗೆ ಹೊಂದುತ್ತಿರಲಿಲ್ಲ. ಕ್ಯಾಮರೂನ್ ಒಪ್ಪಲಿಲ್ಲ. ನನಗೆ ಮಾತ್ರ ಪ್ರತಿ ಸಲ ನಗು ಬರುತ್ತದೆ. ಯಾಕೆಂದರೆ ಕನ್ನಡದಲ್ಲಿ ಅದು ಬೆದರಿಕೆಯೇ ಅಲ್ಲ. 'ಬರ್ತೀನಿ' ಅಂತ ಹೇಳದೇ ನಾವು ಯಾರ ಮನೆಯಿಂದಲೂ ಹೊರಡುವುದಿಲ್ಲವಲ್ಲ.

ಈ ಚಿತ್ರ ಹುಟ್ಟಿದ್ದು ಬಡತನದಲ್ಲಿ ಅನ್ನೋದನ್ನೂ ಹೇಳಬೇಕು. ಕ್ಯಾಮರೂನ್ ರೋಮ್‌ನಲ್ಲಿ ಜ್ವರ ಬಂದು ಮಲಗಿದ್ದಾಗ ಒಂದು ಕನಸು ಕಂಡರು. ಬೆಂಕಿಯೊಳಗಿಂದ ಲೋಹದ ಅಸ್ಥಿಪಂಜರವೊಂದು ಅಡುಗೆಮನೆಯ ಚಾಕು ಊರಿಕೊಂಡು ತೆವಳುತ್ತಾ ಬರುತ್ತಿದೆ. ಅದನ್ನೇ ಕತೆಯಾಗಿ ಬರೆದರು. ನಿರ್ದೇಶನ ತನಗೇ ಸಿಗಬೇಕು ಅನ್ನೋ ಒಂದೇ ಷರತ್ತಿನ ಮೇಲೆ ಹಕ್ಕನ್ನು ನಿರ್ಮಾಪಕಿ ಗೇಲ್ ಆನ್ ಹರ್ಡ್ ಅವರಿಗೆ 1 ಡಾಲರ್‌ಗೆ ಮಾರಿದರು. ಬಜೆಟ್ 64 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ. ಅದಕ್ಕೇ ಚಿತ್ರದಲ್ಲಿ ರಾತ್ರಿ ಜಾಸ್ತಿ. ಕತ್ತಲು ಪುಕ್ಕಟೆ, ಅದು ಎಲ್ಲ ಕೊರತೆಯನ್ನೂ ಮುಚ್ಚುತ್ತದೆ. ಕೆಲವು ದೃಶ್ಯಗಳನ್ನು ಅನುಮತಿ ಕೂಡ ಇಲ್ಲದೆ ಬೀದಿಯಲ್ಲಿ ಸರಸರನೆ ಹೊಡೆದುಕೊಂಡರು. ಯಂತ್ರದ ಎದೆಬಡಿತದಂಥ ಆ 'ಢಣ್ ಢಣ್' ಶಬ್ದಕ್ಕೆ ಸಂಗೀತಗಾರ ಬ್ರಾಡ್ ಫೀಡೆಲ್ ಬಳಸಿದ್ದು ಕಬ್ಬಿಣದ ಬಾಣಲೆ. ತಾಳ ಹಾಕಿ ನೋಡಿ, ಪ್ರತಿ ಆವರ್ತದಲ್ಲೂ ಕೈ ಒಂದು ಕಡೆ ಎಡವುತ್ತದೆ. ಆಗಿನ ಯಂತ್ರದಲ್ಲಿ ಲಯವನ್ನು ಸುತ್ತಿಸುವಾಗ ಬಟನ್ ಒತ್ತಿದ್ದು ಕೂದಲೆಳೆಯಷ್ಟು ತಪ್ಪಿ 13ರ ಲೆಕ್ಕ ಬಂತು. ಕೇಳಿದರೆ ಚೆನ್ನಾಗಿತ್ತು, ಹಾಗೇ ಬಿಟ್ಟರು. ಕಂಪ್ಯೂಟರಿನ ಕತೆಗೆ ಮನುಷ್ಯನ ಬೆರಳಿನ ತಪ್ಪೇ ತಾಳ!

ಈಗ ನಿಮ್ಮ ಮಗ ನೋಡಿದ 1991ರ ಚಿತ್ರ. ಇದು ಬಡ ಚಿತ್ರವಲ್ಲ. 10 ಕೋಟಿ ಡಾಲರ್ ಆಸುಪಾಸು ಖರ್ಚಾದ ಆ ಕಾಲದ ದಾಖಲೆ, ಗಳಿಸಿದ್ದು 50 ಕೋಟಿಗೂ ಜಾಸ್ತಿ, ಆಸ್ಕರ್ 4. ಹುಡುಗ ಗ್ರಾಫಿಕ್ಸ್ ನೋಡಿ ನಗಲಿಲ್ಲ ಅಂದಿರಿ. 2 ಗಂಟೆ 17 ನಿಮಿಷದ ಚಿತ್ರದಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಇರುವುದು ಸುಮಾರು 5 ನಿಮಿಷ ಮಾತ್ರ. ಮಿಕ್ಕದ್ದೆಲ್ಲ ಸ್ಟ್ಯಾನ್ ವಿನ್ಸ್ಟನ್ ತಂಡ ಕೈಯಲ್ಲಿ ಮಾಡಿದ ಬೊಂಬೆ, ಮುಖವಾಡ, ಬೆಳ್ಳಿ ಬಣ್ಣದ ಗಾಯ. ಆಸ್ಪತ್ರೆಯ ಕಾವಲುಗಾರ ತನ್ನಂತೆಯೇ ಇರುವ ಇನ್ನೊಬ್ಬನನ್ನು ನೋಡುತ್ತಾನಲ್ಲ, ಅವರು ನಿಜವಾದ ಅವಳಿಗಳು. ಕೊನೆಯಲ್ಲಿ ಎರಡು ಸಾರಾ ಕಾಣಿಸುವುದೂ ಹಾಗೇ, ನಟಿ ಲಿಂಡಾ ಹ್ಯಾಮಿಲ್ಟನ್‌ಗೆ ಅವಳಿ ಸೋದರಿ ಇದ್ದರು. ದ್ರವಲೋಹದ ಕೊಲೆಗಾರ ಕಂಬಿಗಳ ನಡುವೆ ಜಾರಿ ಬರುವ ಶಬ್ದ? ಡಬ್ಬದಿಂದ ನಾಯಿಯ ತಿನಿಸು ಲೊಚಕ್ಕನೆ ಜಾರುವ ಶಬ್ದ. ಕಣ್ಣಿಗೆ ಕಾಣುವುದು ಮುಟ್ಟುವಂಥ ವಸ್ತುವಾದರೆ ಅದು ಬೇಗ ಹಳತಾಗುವುದಿಲ್ಲ.

ಆದರೆ ಮೊಬೈಲ್ ಮುಟ್ಟದಿರುವುದಕ್ಕೆ ಗ್ರಾಫಿಕ್ಸ್ ಕಾರಣವಾಗಿರಲಾರದು. ಅಲ್ಲಿ ಹತ್ತು ವರ್ಷದ ಹುಡುಗನೊಬ್ಬನಿದ್ದಾನೆ. ಅಪ್ಪ ಇಲ್ಲ, ಅಮ್ಮ ಹುಚ್ಚಾಸ್ಪತ್ರೆಯಲ್ಲಿ. ಅವನಿಗೆ ಇದ್ದಕ್ಕಿದ್ದಂತೆ, ತಾನು ಹೇಳಿದಂತೆ ಕೇಳುವ, ತನ್ನನ್ನು ಬಿಟ್ಟು ಹೋಗದ ಒಬ್ಬ ದೈತ್ಯ ಸಿಗುತ್ತಾನೆ. ಒಂಟಿ ಕಾಲಲ್ಲಿ ನಿಲ್ಲು ಅಂದರೆ ನಿಲ್ಲುತ್ತಾನೆ. ಯಾವ ಮಗುವಿಗೆ ಇದು ಬೇಡ ಹೇಳಿ? ಹಿಂದಿನ ಚಿತ್ರದಲ್ಲಿ ಕೊಲ್ಲಲು ಬಂದ ಅದೇ ಮುಖ ಈಗ ಕಾಯುತ್ತಿದೆ. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2003ರಲ್ಲಿ ನೂರು ನಾಯಕ-ಖಳನಾಯಕರ ಪಟ್ಟಿ ಮಾಡಿದಾಗ ಟರ್ಮಿನೇಟರ್ ಎರಡೂ ಕಡೆ ಬಂತು, ಖಳರಲ್ಲಿ 22ನೆಯದು, ನಾಯಕರಲ್ಲಿ 48ನೆಯದು.

ಇನ್ನು ಕೊಲೆಗಾರನ ಜಾಗಕ್ಕೆ ಯಾರು ಬಂದರು? ತೆಳ್ಳನೆಯ, ಜನರಲ್ಲಿ ಬೆರೆತುಹೋಗುವ ರಾಬರ್ಟ್ ಪ್ಯಾಟ್ರಿಕ್. ಕ್ಯಾಮರೂನ್ ಏಳು ವರ್ಷದ ಹಿಂದೆ ಬಿಟ್ಟುಕೊಟ್ಟಿದ್ದ ಮೊದಲ ಯೋಚನೆಯೇ ವಾಪಸ್ ಬಂತು. ಅದೂ ಪೊಲೀಸ್ ಸಮವಸ್ತ್ರದಲ್ಲಿ.

ಇಡೀ ಸರಣಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ದೃಶ್ಯದಲ್ಲಿ ರೋಬೋಟ್ ಇಲ್ಲ. ಮುಂದೆ ಸ್ಕೈನೆಟ್‌ಗೆ ಕಾರಣವಾಗುವ ಚಿಪ್ಪನ್ನು ರೂಪಿಸುತ್ತಿರುವ ಮೈಲ್ಸ್ ಡೈಸನ್ ರಾತ್ರಿ ಮನೆಯಲ್ಲಿ ಕೆಲಸ ಮಾಡುತ್ತಿದ್ದಾನೆ. ಕತ್ತಲಲ್ಲಿ ಸಾರಾ ಬಂದೂಕು ಹಿಡಿದಿದ್ದಾಳೆ. ಅವನ ಮಗನ ಆಟದ ಕಾರು ಬಂದು ಅವನ ಕಾಲಿಗೆ ತಾಗುತ್ತದೆ, ಅವನು ಬಗ್ಗುತ್ತಾನೆ, ಗುಂಡು ತಪ್ಪುತ್ತದೆ. ಅವಳು ಒಳಗೆ ನುಗ್ಗುತ್ತಾಳೆ. ಮುಖದಲ್ಲಿ ಏನೂ ಇಲ್ಲ. ನಡಿಗೆ ಆರ್ನಾಲ್ಡ್‌ನದೇ. ಮುಂದೆ ಏನೋ ಮಾಡುತ್ತಾನೆ ಅಂತ, ಇವತ್ತು ಏನೂ ತಪ್ಪು ಮಾಡದ ಮನುಷ್ಯನನ್ನು ಅವನ ಹೆಂಡತಿ ಮಗುವಿನ ಎದುರು ಕೊಲ್ಲಲು ಬಂದಿದ್ದಾಳೆ. ಅಂದರೆ ದೇವಕಿಯೇ ಈಗ ಕಂಸ. ಆಮೇಲೆ ಕೈ ನಡುಗಿ ಗೋಡೆಗೊರಗಿ ಕುಸಿಯುತ್ತಾಳೆ. ಆ ನಡುಕಕ್ಕಾಗಿಯೇ ನಾನು ಈ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತೇನೆ.

ಹೊಸ ಭಾಗಗಳು ಯಾಕೆ ಹಿಡಿಯುವುದಿಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಎರಡನೇ ಚಿತ್ರದ ಕೊನೆಯಲ್ಲಿ ಕತೆ ಮುಗಿದಿದೆ. ಚಿಪ್ ಸುಟ್ಟಿತು, ಕಾವಲಿನ ಯಂತ್ರವೂ ಕುದಿಯುವ ಉಕ್ಕಿಗೆ ಇಳಿಯಿತು, ಆಕಾಶವಾಣಿ ಸುಳ್ಳಾಯಿತು. ಕಂಸ ಸತ್ತಮೇಲೆ ಕಂಸನ ಕತೆ ಮುಂದುವರಿಸಬೇಕಾದರೆ ಏನು ಮಾಡಬೇಕು? ಇನ್ನೊಂದು ಆಕಾಶವಾಣಿ ಮಾಡಿಸಬೇಕು. ಒಂದು ಸಲ ಮಾಡಿಸಿದರೆ ಸರಿ. ಪ್ರತಿ ಸಲವೂ ಮಾಡಿಸಿದರೆ ಜನ ಆಕಾಶದ ಕಡೆ ನೋಡುವುದನ್ನೇ ಬಿಡುತ್ತಾರೆ.

ಮೂರನೆಯದು ಆ ತಪ್ಪನ್ನು ಧೈರ್ಯದಿಂದ ಮಾಡಿತು. ಅದರ ಕೊನೆಯ ಹತ್ತು ನಿಮಿಷ ನನಗೆ ಇಷ್ಟ. ಪ್ರಳಯ ತಪ್ಪಿಸಲು ಓಡಿದವರು ಬಂಕರ್‌ನೊಳಗೆ ಸಿಕ್ಕಿಕೊಂಡು, ಹೊರಗೆ ಎಲ್ಲ ಮುಗಿದದ್ದನ್ನು ರೇಡಿಯೋದಲ್ಲಿ ಕೇಳುತ್ತಾರೆ. 2009ರ 'ಸಾಲ್ವೇಷನ್' ಮುಂದಿನ ಯುದ್ಧವನ್ನೇ ಹಗಲು ಬೆಳಕಲ್ಲಿ ತೋರಿಸಿತು. ಕೈಲ್‌ನ ನಾಲ್ಕು ಮಾತಿನಲ್ಲಿ ಹುಟ್ಟಿದ್ದ ಭಯ ಅಲ್ಲಿ ಆವಿಯಾಯಿತು. 2019ರ 'ಡಾರ್ಕ್ ಫೇಟ್' ಶುರುವಿನಲ್ಲೇ ಜಾನ್‌ನನ್ನು ಕೊಂದು, ಹೊಸ ಹುಡುಗಿ, ಹೊಸ ಶತ್ರು ತಂದಿತು. ಗೋಕುಲದಲ್ಲಿ ಕೃಷ್ಣನನ್ನು ಸಾಯಿಸಿ ಆಮೇಲೆ ಮಥುರೆಗೆ ಬೇರೆ ಯಾರನ್ನೋ ಕಳಿಸಿದ ಹಾಗೆ. ಕ್ಯಾಮರೂನ್ ನಿರ್ಮಾಪಕರಾಗಿದ್ದರು, ಲಿಂಡಾ ಹ್ಯಾಮಿಲ್ಟನ್ ವಾಪಸ್ ಬಂದಿದ್ದರು, ಆದರೂ ನಷ್ಟವೇ ಆಯಿತು. ಇಷ್ಟೆಲ್ಲ ಭಾಗಗಳು ಬಂದದ್ದಕ್ಕೆ ಕತೆಯ ಒತ್ತಾಯಕ್ಕಿಂತ ವ್ಯಾಪಾರದ ಒತ್ತಾಯ ಜಾಸ್ತಿ. ಹಕ್ಕು ಇಟ್ಟುಕೊಂಡ ಕಂಪನಿಗಳು ಮುಳುಗಿದವು, 1995ರಲ್ಲಿ ಒಂದು, 2009ರಲ್ಲಿ ಇನ್ನೊಂದು. ಕೊಂಡವರು ಹಾಕಿದ ದುಡ್ಡು ತೆಗೆಯಬೇಕಲ್ಲ.

ಹೀಗಿದ್ದರೂ ಹೆಸರು ಸಾಯುತ್ತಿಲ್ಲ. ಮೊದಲ ಚಿತ್ರವನ್ನು 2008ರಲ್ಲಿ, ಎರಡನೆಯದನ್ನು 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಿಡಬೇಕಾದ ಸಿನಿಮಾಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 8 ಕಂತಿನ 'ಟರ್ಮಿನೇಟರ್ ಜೀರೋ' ಬಂತು. 1997ರ ಟೋಕಿಯೋದಲ್ಲಿ ನಡೆಯುವ ಅನಿಮೆ, ಅಂದರೆ ಜಪಾನಿ ಶೈಲಿಯ ಅನಿಮೇಷನ್. ಅದು ನೋಡುವಂತಿದೆ. ಕಾರಣ ಸರಳ: ಜಾನ್, ಸಾರಾ ಗೊಡವೆಗೇ ಹೋಗದೆ, ಒಂದು ಮನೆ, ಮೂರು ಮಕ್ಕಳು, ಬಾಗಿಲ ಹೊರಗೆ ಒಬ್ಬ ಕೊಲೆಗಾರ, ಅಷ್ಟಕ್ಕೆ ಕತೆಯನ್ನು ಕಿರಿದು ಮಾಡಿಕೊಂಡಿದ್ದಾರೆ.

ನಿಮ್ಮ ಮಗನಿಗೆ ಈಗ ಮೊದಲನೆಯದನ್ನು ತೋರಿಸಿ. ಲೈಟ್ ಆರಿಸಿ, ರಾತ್ರಿ ಹೊತ್ತು. ರಕ್ತ ಸ್ವಲ್ಪ ಜಾಸ್ತಿಯೇ ಇದೆ, ನೋಡಿಕೊಂಡು ತೋರಿಸಿ. ಮಧ್ಯೆ ಒಂದು ಪ್ರಣಯದ ದೃಶ್ಯ ಬರುತ್ತದೆ, ಅಪ್ಪ ಮಗ ಪಕ್ಕದಲ್ಲಿ ಕೂತಿದ್ದರೆ ಇಬ್ಬರಿಗೂ ಮುಜುಗರ. ಸುಮ್ನೆ ನೀರು ಕುಡಿಯಲು ಎದ್ದು ಹೋಗಿ. ಆದರೆ ಕೊನೆಯ ಎರಡು ನಿಮಿಷಕ್ಕೆ ವಾಪಸ್ ಬಂದಿರಿ. ಅಲ್ಲಿ ಗರ್ಭಿಣಿ ಸಾರಾ ಜೀಪಿನಲ್ಲಿ ಕೂತಿರುತ್ತಾಳೆ. ಪೆಟ್ರೋಲ್ ಬಂಕಿನ ಹುಡುಗನೊಬ್ಬ ಅವಳ ಫೋಟೋ ತೆಗೆದು ದುಡ್ಡು ಕೇಳುತ್ತಾನೆ. ಆ ಫೋಟೋವನ್ನು ನಾವು ಆಗಲೇ ನೋಡಿರುತ್ತೇವೆ. ಯುದ್ಧದ ನಡುವೆ ಕೈಲ್ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದು, ಅವನ ಕಣ್ಣೆದುರೇ ಸುಟ್ಟುಹೋಗಿದ್ದು ಅದೇ. ಈ ಹೆಂಗಸು ಫೋಟೋ ತೆಗೆಯುವಾಗ ಏನು ಯೋಚಿಸುತ್ತಿದ್ದಳೋ, ಮುಖದಲ್ಲಿ ಯಾಕೆ ಇಷ್ಟು ದುಃಖವೋ ಅಂತ ಅವನು ಯಾವಾಗಲೂ ಅಂದುಕೊಳ್ಳುತ್ತಿದ್ದ. ಅವಳು ಅವನನ್ನೇ ನೆನೆಯುತ್ತಿದ್ದಳು.